ತೊಂಬತ್ತು ದಿನ, ಒಂದು ಕಳ್ಳಿ

‘ಅಲ್ಲ ಕಣಪ್ಪಾ, ಕಳ್ಳಿ ಫೋಟೊ ತೆಗೆಯೋಕೆ ಅಮೆರಿಕಾಕ್ಕೇ ಹೋಗ್ಬೇಕಿತ್ತಾ? ನಮ್ ಹೊಲದ ಬದಿನಾಗೆ ಬೇಕಾದಷ್ಟು ಐತಲ್ಲ!’

ವಿಡಿಯೊ ಕಾಲ್‌ನಲ್ಲಿ ಅಪ್ಪ ನಗುತ್ತಲೇ ಕೇಳಿದ್ದರು. ನಾನೂ ನಕ್ಕೆ. ಫೋನ್ ಇಟ್ಟ ಮೇಲೆ ಮಾತ್ರ ನಗು ಉಳಿಯಲಿಲ್ಲ. ನನ್ನ ಲೆಕ್ಕದಲ್ಲಿ ಅವತ್ತು 31ನೇ ದಿನ.

ನಮ್ಮದು ಚಳ್ಳಕೆರೆ ತಾಲ್ಲೂಕಿನ ಒಂದು ಹಳ್ಳಿ. ರಾಜ್ಯದಲ್ಲೇ ತೀರಾ ಕಡಿಮೆ ಮಳೆ ಬೀಳುವ ಸೀಮೆ. ಅಪ್ಪ ಬೋರ್‌ವೆಲ್ ಕೊರೆಸಿ ಕೊರೆಸಿ ಸೋತಿದ್ದನ್ನು ನೋಡುತ್ತಲೇ ಬೆಳೆದವನು ನಾನು. ಸಿವಿಲ್ ಎಂಜಿನಿಯರಿಂಗ್ ಮುಗಿಸಿ, ಜಲವಿಜ್ಞಾನದಲ್ಲಿ ಎಂ.ಎಸ್. ಮಾಡಲು ಅಮೆರಿಕದ ಅರಿಜೋನಾ ವಿಶ್ವವಿದ್ಯಾಲಯಕ್ಕೆ ಹೋದೆ. ಅದು ಇರುವುದು ಟೂಸಾನ್ ಎಂಬ ಮರುಭೂಮಿಯ ಊರಿನಲ್ಲಿ. ವರ್ಷದ ಮಳೆ 300 ಮಿಲಿಮೀಟರ್ ಕೂಡ ದಾಟದ ಜಾಗ. ‘ನೀರಿಲ್ಲದ ಊರಿಂದ ನೀರಿಲ್ಲದ ಊರಿಗೆ ನೀರಿನ ಬಗ್ಗೆ ಓದೋಕೆ ಹೋದ’ ಅಂತ ಗೆಳೆಯರು ಆಡಿಕೊಂಡಿದ್ದು ಸುಳ್ಳೇನಲ್ಲ.

ಡಿಗ್ರಿ ಮೇ ತಿಂಗಳಲ್ಲಿ ಕೈಗೆ ಬಂತು. ಕೆಲಸ ಬರಲಿಲ್ಲ. ವಿದ್ಯಾರ್ಥಿ ವೀಸಾದಲ್ಲಿ ಓದಿದವರಿಗೆ ಪದವಿಯ ನಂತರ ಒಂದು ವರ್ಷ ಕೆಲಸ ಮಾಡುವ ಅವಕಾಶವಿದೆ, ಅದಕ್ಕೆ ಒಪಿಟಿ ಅಂತಾರೆ. ಅದರಲ್ಲೊಂದು ಕೊಕ್ಕೆ. ಆ ಅವಧಿಯಲ್ಲಿ ನೀವು ಒಟ್ಟು 90 ದಿನ ಮಾತ್ರ ಕೆಲಸವಿಲ್ಲದೆ ಇರಬಹುದು. ಆಮೇಲೆ ಗಂಟುಮೂಟೆ ಕಟ್ಟಬೇಕು. ನನ್ನ ಎಣಿಕೆ ಜೂನ್ 1ಕ್ಕೆ ಶುರುವಾಯಿತು. ಊರಲ್ಲಿ ಮನೆಪತ್ರ ಬ್ಯಾಂಕಿನಲ್ಲಿ ಅಡ. ದಿನಕ್ಕೆ ಹತ್ತು ಹದಿನೈದು ಅರ್ಜಿ ಹಾಕುತ್ತಿದ್ದೆ, ಉತ್ತರವಾಗಿ ‘ದುರದೃಷ್ಟವಶಾತ್’ ಎಂದು ಶುರುವಾಗುವ ಮೇಲ್‌ಗಳು ಬರುತ್ತಿದ್ದವು. ಬಹುಪಾಲು ಅರ್ಜಿಗಳಿಗೆ ಅದೂ ಇಲ್ಲ.

ಕೆಲಸ ಹುಡುಕುತ್ತಾ ರೂಮಿನಲ್ಲಿ ಕೂತವರಿಗೆ ಗೊತ್ತಿರುತ್ತದೆ, ಬೆಳಿಗ್ಗೆ ಬೇಗ ಎಚ್ಚರವಾಗಿಬಿಡುತ್ತದೆ, ಮಾಡಲು ಏನೂ ಇರುವುದಿಲ್ಲ. ಆ ಹೊತ್ತಿಗೆ ಸರಿಯಾಗಿ ನನ್ನ ಕೈಗೆ ಒಂದು ಕ್ಯಾಮೆರಾ ಬಂತು. ಕೆಲಸ ಸಿಕ್ಕಿ ಬೇರೆ ಊರಿಗೆ ಹೊರಟಿದ್ದ ವಿಜಯವಾಡದ ಸೀನಿಯರ್ ಒಬ್ಬ ತನ್ನ ಹಳೇ ಡಿಎಸ್ಎಲ್ಆರ್, ಜೊತೆಗೆ ಬಂದ ಕಿಟ್ ಲೆನ್ಸ್, ಒಂದು 70–300 ಜೂಮ್, ಕಾಲು ಸ್ವಲ್ಪ ಅಲುಗಾಡುವ ಟ್ರೈಪಾಡ್ ಎಲ್ಲವನ್ನೂ ಒಂದು ತಿಂಗಳ ದಿನಸಿ ದುಡ್ಡಿಗೆ ಕೊಟ್ಟು ಹೋದ. ‘ಊರು ಬಿಡೋ ಮುಂಚೆ ಸವಾರೋ ಫೋಟೊ ತೆಗೆದುಕೊ, ಅದು ಇನ್ನೆಲ್ಲೂ ಸಿಗಲ್ಲ’ ಎಂದಿದ್ದ. ಊರು ಬಿಡುವ ಮಾತು ಅವನಿಗೆ ಖುಷಿಯದು, ನನಗೆ ಬೇರೆಯದು.

ಸಗುವಾರೊ ಅಂತ ಬರೆಯುತ್ತಾರೆ, ಕರೆಯುವುದು ಸವಾರೋ. ಕುದುರೆ ಸವಾರನ ಹಾಗೆ. ಸಿನಿಮಾದಲ್ಲಿ ಕೌಬಾಯ್ ಹಿಂದೆ ಎರಡು ಕೈ ಎತ್ತಿಕೊಂಡು ನಿಂತಿರುತ್ತದಲ್ಲ, ಆ ಕಳ್ಳಿ. ಅಮೆರಿಕದ ಮರುಭೂಮಿ ಅಂದರೆ ಎಲ್ಲ ಕಡೆ ಇದೇ ಇರುತ್ತದೆ ಎಂದು ನಾನೂ ಅಂದುಕೊಂಡಿದ್ದೆ. ಅಲ್ಲವಂತೆ. ಜಗತ್ತಿನಲ್ಲಿ ಇದು ಸಹಜವಾಗಿ ಬೆಳೆಯುವುದು ಸೊನೋರನ್ ಮರುಭೂಮಿಯೊಂದರಲ್ಲೇ. ಅಂದರೆ ಅರಿಜೋನಾದ ದಕ್ಷಿಣ ಭಾಗ, ಗಡಿಯಾಚೆ ಮೆಕ್ಸಿಕೋದ ಸೊನೋರಾ ರಾಜ್ಯ, ಕ್ಯಾಲಿಫೋರ್ನಿಯಾದ ಅಂಚಿನಲ್ಲಿ ಒಂದಿಷ್ಟು. ಟೆಕ್ಸಾಸ್‌ನ ಕಥೆ ಹೇಳುವ ಸಿನಿಮಾದಲ್ಲಿ ಸವಾರೋ ಕಂಡರೆ ಅದು ನಿರ್ದೇಶಕರ ತಪ್ಪು.

ಅಪ್ಪನ ಪ್ರಶ್ನೆಗೆ ಇಲ್ಲೇ ಉತ್ತರ ಹೇಳಿಬಿಡುತ್ತೇನೆ. ನಮ್ಮ ಹೊಲದ ಬದಿಯಲ್ಲಿ ಮುರಿದರೆ ಹಾಲು ಸುರಿಸುವ ಬೇಲಿಕಳ್ಳಿ ಇದೆಯಲ್ಲ, ಅದು ಕ್ಯಾಕ್ಟಸ್ ಕುಟುಂಬದ್ದೇ ಅಲ್ಲ. ಹಪ್ಪಳದಂಥ ಎಲೆ ಇರುವ ಪಾಪಾಸುಕಳ್ಳಿ ನಿಜವಾದ ಕ್ಯಾಕ್ಟಸ್, ಆದರೆ ಅದೇ ಅಮೆರಿಕದಿಂದ ನಮ್ಮಲ್ಲಿಗೆ ಬಂದದ್ದು. ಬಳ್ಳಾರಿ ಜಾಲಿಯೂ ಅಷ್ಟೇ. ಟೂಸಾನ್‌ನಲ್ಲಿ ಮೆಸ್ಕೀಟ್ ಎಂಬ ಮರ ನೋಡಿ ‘ಇದ್ಯಾಕೆ ಇಲ್ಲಿದೆ’ ಎಂದು ಬೆಚ್ಚಿಬಿದ್ದಿದ್ದೆ. ಬಳ್ಳಾರಿ ಜಾಲಿಯ ದಾಯಾದಿ ಅದು. ಅದರ ತವರಿಗೆ ಹೋಗಿ ನಾನು ಆಶ್ಚರ್ಯಪಟ್ಟಿದ್ದೆ ಅಷ್ಟೆ.

ಹಸಿರು ಕಂಬದ ಫೋಟೊಗಳು

ಟೂಸಾನ್ ನಗರದ ಎರಡೂ ಮಗ್ಗುಲಿಗೆ ಸಗುವಾರೊ ರಾಷ್ಟ್ರೀಯ ಉದ್ಯಾನ ಇದೆ, ಒಂದು ಪೂರ್ವಕ್ಕೆ, ಇನ್ನೊಂದು ಪಶ್ಚಿಮಕ್ಕೆ. 1933ರಲ್ಲಿ ಪೂರ್ವದ ಭಾಗವನ್ನು ರಕ್ಷಿತ ಪ್ರದೇಶ ಮಾಡಿದರು, 1961ರಲ್ಲಿ ಪಶ್ಚಿಮದ್ದು ಸೇರಿತು, 1994ರಲ್ಲಿ ರಾಷ್ಟ್ರೀಯ ಉದ್ಯಾನದ ದರ್ಜೆ ಸಿಕ್ಕಿತು. ಎರಡೂ ಕಡೆ ಸೇರಿ ಸುಮಾರು 20 ಲಕ್ಷ ಸವಾರೋಗಳಿವೆ. ಮೊದಲ ಭಾನುವಾರ ರೂಮ್‌ಮೇಟ್‌ನ ಕಾರಿನಲ್ಲಿ ಪಶ್ಚಿಮದ ಭಾಗಕ್ಕೆ ಹೋದೆವು. ಎದ್ದು, ತಿಂಡಿ ತಿಂದು, ಆರಾಮಾಗಿ ಹತ್ತೂವರೆಗೆ ತಲುಪಿದೆವು. ಜೂನ್ ತಿಂಗಳು, 41 ಡಿಗ್ರಿ. ಇನ್ನೂರು ಫೋಟೊ ತೆಗೆದೆ.

ಸಂಜೆ ಲ್ಯಾಪ್‌ಟಾಪ್‌ಗೆ ಹಾಕಿ ನೋಡಿದರೆ ಇನ್ನೂರರಲ್ಲೂ ಒಂದೇ ಚಿತ್ರ: ಬಿಳುಚಿದ ಆಕಾಶ, ಅದರ ಮುಂದೆ ಹಸಿರು ಕಂಬ. ಬೆಸ್ಕಾಂನವರು ನೆಟ್ಟು ತಂತಿ ಎಳೆಯಲು ಮರೆತ ಹಾಗೆ. ಮೂರು ಮಾಳಿಗೆ ಎತ್ತರದ ಗಿಡ ಫೋಟೊದಲ್ಲಿ ಕುಂಡದ ಗಿಡದಂತಿತ್ತು.

ತಪ್ಪು ಎಲ್ಲಿ ಎಂದು ತಿಳಿಯಲು ಎರಡು ವಾರ ಹಿಡಿಯಿತು. ಒಂದು, ಹೊತ್ತು. ನಡುಹಗಲ ಸೂರ್ಯ ನೆತ್ತಿಯ ಮೇಲಿದ್ದಾಗ ಸವಾರೋದ ಮೈಯ ಮಡಿಕೆಗಳೆಲ್ಲ ಸಪಾಟಾಗಿ ಕಾಣುತ್ತವೆ. ಈ ಗಿಡದ ಅಂದವೇ ಆ ಮಡಿಕೆಗಳಲ್ಲಿದೆ, ಹಾರ್ಮೋನಿಯಂನ ತಿದಿಯ ಹಾಗೆ ಮೇಲಿಂದ ಕೆಳಕ್ಕೆ ಸಾಲು ಸಾಲು. ಅಡ್ಡ ಬೆಳಕು ಬಿದ್ದರೆ ಮಾತ್ರ ಒಂದು ಬದಿ ಬೆಳಕು, ಒಂದು ಬದಿ ನೆರಳು ಬಂದು ಗಿಡಕ್ಕೆ ಮೈ ಬರುತ್ತದೆ. ಅದಕ್ಕೆ ಜೂನ್‌ನಲ್ಲಿ ಬೆಳಿಗ್ಗೆ ಐದೂಕಾಲಿನಿಂದ ಆರೂಕಾಲರವರೆಗೆ, ಇಲ್ಲವೇ ಸಂಜೆ ಆರೂವರೆಯ ಮೇಲೆ ಹೋಗಬೇಕು. ಇನ್ನೂ ಒಂದು ಮಜಾ ಇದೆ. ಎಲ್ಲರೂ ಸೂರ್ಯನಿಗೆ ಬೆನ್ನು ಹಾಕಿ ಫೋಟೊ ತೆಗೆಯಿರಿ ಅನ್ನುತ್ತಾರೆ. ಕಳ್ಳಿಗೆ ಬಂದರೆ ತಿರುಗಿ ನಿಲ್ಲಿ. ಸೂರ್ಯ ಗಿಡದ ಹಿಂದೆ ಇದ್ದಾಗ ಒಂದೊಂದು ಮುಳ್ಳೂ ಬೆಳಕು ಹಿಡಿದು, ಇಡೀ ಗಿಡದ ಅಂಚಿಗೆ ಜರಿ ನೇಯ್ದಂತೆ ಹೊಳೆಯುತ್ತದೆ. ಆಗ ಎಕ್ಸ್‌ಪೋಷರ್ ಸ್ವಲ್ಪ ಇಳಿಸಬೇಕು, ಇಲ್ಲದಿದ್ದರೆ ಆ ಜರಿ ಸುಟ್ಟು ಬಿಳಿಯಾಗುತ್ತದೆ. ಫೋನ್‌ನಲ್ಲಾದರೆ ಪರದೆ ಮುಟ್ಟಿ ಬೆರಳನ್ನು ಕೆಳಗೆಳೆದರೆ ಸಾಕು.

ಎರಡನೆಯದು, ದೂರ. ಎತ್ತರದ ಗಿಡ ಅಂತ ಹತ್ತಿರ ಹೋಗಿ ಅಗಲದ ಲೆನ್ಸ್‌ನಲ್ಲಿ ಮೇಲೆ ನೋಡಿ ತೆಗೆದರೆ ಬುಡ ದಪ್ಪ, ತುದಿ ಮೊಳೆಯಷ್ಟಾಗುತ್ತದೆ. ನೂರು ಮಾರು ಹಿಂದೆ ಹೋಗಿ ಜೂಮ್ ಲೆನ್ಸ್ ಹಾಕಿದರೆ ಹಿಂದಿನ ಬೆಟ್ಟ ದೊಡ್ಡದಾಗಿ ಹತ್ತಿರ ಬರುತ್ತದೆ, ಸವಾರೋ ತನ್ನ ನಿಜವಾದ ಗಾತ್ರದಲ್ಲಿ ನಿಲ್ಲುತ್ತದೆ. ಮರುಭೂಮಿಯ ಫೋಟೊಗೆ ಜೂಮ್ ಯಾಕೆ ಎಂದು ನಕ್ಕಿದ್ದ ರೂಮ್‌ಮೇಟ್ ಆಮೇಲೆ ಅದನ್ನೇ ಕೇಳಿ ಪಡೆದ.

ಹಿಂದೆ ಹೋಗುವಾಗ ಹಿಂದೆ ನೋಡಬೇಕು ಎಂಬುದನ್ನು ಮಾತ್ರ ಯಾರೂ ಹೇಳಿರಲಿಲ್ಲ. ವ್ಯೂಫೈಂಡರ್‌ನಲ್ಲಿ ಕಣ್ಣಿಟ್ಟು ಹಾಗೇ ಹಿಂದಕ್ಕೆ ಹೆಜ್ಜೆ ಹಾಕಿದವನು ಹೋಗಿ ಚೋಯಾ ಎಂಬ ಇನ್ನೊಂದು ಕಳ್ಳಿಗೆ ತಾಗಿದೆ. ದೂರಕ್ಕೆ ಮೆತ್ತಗಿನ ಹತ್ತಿ ಉಂಡೆಯಂತೆ ಮುದ್ದಾಗಿ ಕಾಣುವ ಗಿಡ ಅದು. ಮುಟ್ಟಿದರೆ ಒಂದು ತುಂಡು ಕಳಚಿ ಬಂದು ಮೈಗೆ ನೆಟ್ಟುಕೊಳ್ಳುತ್ತದೆ, ಮುಳ್ಳಿನ ತುದಿಯಲ್ಲಿ ಕೊಕ್ಕೆಯಂಥ ಸಣ್ಣ ಗರಗಸ. ಕೈಯಿಂದ ಕೀಳಲು ಹೋದರೆ ಕೈಗೂ ನೆಟ್ಟುಕೊಳ್ಳುತ್ತದೆ. ದಾರಿಯಲ್ಲಿ ಹೋಗುತ್ತಿದ್ದ ವಯಸ್ಸಾದ ಹೆಂಗಸೊಬ್ಬರು ಬ್ಯಾಗಿನಿಂದ ಬಾಚಣಿಗೆ ತೆಗೆದು, ಮುಳ್ಳಿನ ಮಧ್ಯೆ ತೂರಿಸಿ ಒಂದೇ ಏಟಿಗೆ ಚಿಮ್ಮಿಸಿದರು. ಅವರ ತಲೆಗೂದಲು ಬಾಬ್ ಕಟ್, ಬಾಚಣಿಗೆ ಇಟ್ಟುಕೊಂಡಿದ್ದೇ ಇದಕ್ಕಂತೆ. ಆವತ್ತಿನಿಂದ ನನ್ನ ಕ್ಯಾಮೆರಾ ಬ್ಯಾಗಿನಲ್ಲಿ ಲೆನ್ಸ್ ಒರೆಸುವ ಬಟ್ಟೆ ಇಲ್ಲದಿದ್ದರೂ ಬಾಚಣಿಗೆ ಇರುತ್ತಿತ್ತು.

ಹೆಬ್ಬೆರಳಷ್ಟಾಗಲು ಹತ್ತು ವರ್ಷ

ಉದ್ಯಾನಕ್ಕೆ ಬಸ್ ಇಲ್ಲ, ರೂಮ್‌ಮೇಟ್‌ನ ಕಾರು ದಿನಾ ಸಿಗುವುದಿಲ್ಲ. ಸೈಕಲ್ ತುಳಿದು ಹೋಗುವಷ್ಟು ದೂರದಲ್ಲಿ ನನಗೆ ಸಿಕ್ಕಿದ್ದು ಟುಮಮಾಕ್ ಗುಡ್ಡ. ನಗರಕ್ಕೆ ಅಂಟಿಕೊಂಡೇ ಇದೆ, ಮೇಲಿನವರೆಗೆ ಒಂದೂವರೆ ಮೈಲಿ ಟಾರು ರಸ್ತೆ. ನಮ್ಮ ಊರುಗಳಲ್ಲಿ ಕೆರೆ ಏರಿಯ ಮೇಲೆ ವಾಕಿಂಗ್ ಹೋಗುವಂತೆ ಅಲ್ಲಿನವರು ಅದನ್ನು ಹತ್ತಿ ಇಳಿಯುತ್ತಾರೆ. ರಸ್ತೆ ಬಿಟ್ಟು ಇಳಿಯುವಂತಿಲ್ಲ, ಯಾಕೆಂದರೆ ಸುತ್ತಲಿನ ನೆಲವೆಲ್ಲ ಸಂಶೋಧನೆಗೆ ಮೀಸಲು. 1903ರಲ್ಲಿ ಕಾರ್ನೆಗಿ ಸಂಸ್ಥೆ ಅಲ್ಲಿ ಮರುಭೂಮಿ ಪ್ರಯೋಗಾಲಯ ಶುರು ಮಾಡಿತು. ಒಂದೊಂದು ಸವಾರೋಗೂ ಲೆಕ್ಕ ಇಟ್ಟು ನೂರು ವರ್ಷಕ್ಕೂ ಹೆಚ್ಚು ಕಾಲದಿಂದ ಅಳೆಯುತ್ತಾ ಬಂದಿದ್ದಾರೆ. ಸವಾರೋದ ವೈಜ್ಞಾನಿಕ ಹೆಸರು ಕಾರ್ನೆಗಿಯಾ ಜೈಗ್ಯಾಂಟಿಯಾ, ಉಕ್ಕಿನ ದೊರೆ ಆಂಡ್ರ್ಯೂ ಕಾರ್ನೆಗಿಯ ಹೆಸರೇ.

ಅಳೆದವರು ಕಂಡುಕೊಂಡಿದ್ದನ್ನು ಓದಿದಾಗ ನನಗೆ ಮೊದಲು ಬಂದದ್ದು ಸಿಟ್ಟು. ಮೊಳೆತ ಸವಾರೋ ಮೊದಲ ಎಂಟು ವರ್ಷದಲ್ಲಿ ಬೆಳೆಯುವುದು ಒಂದರಿಂದ ಒಂದೂವರೆ ಇಂಚು! ಹತ್ತು ವರ್ಷಕ್ಕೆ ಹೆಬ್ಬೆರಳಷ್ಟು. ಮೊದಲ ಹೂವು ಬಿಡುವುದು ಸುಮಾರು 35ನೇ ವರ್ಷಕ್ಕೆ. ಮೊದಲ ಕೈ ಮೂಡಲು 50ರಿಂದ 75 ವರ್ಷ, ಒಣ ಜಾಗದಲ್ಲಿ ನೂರು. ಆಯಸ್ಸು 150ರಿಂದ 200. ನಾನೋ ದಿನ ಎಣಿಸುತ್ತಾ ಕೂತಿದ್ದೇನೆ!

ಎಳೆಯ ಸವಾರೋ ಒಂಟಿಯಾಗಿ ಬದುಕುವುದೂ ಅಪರೂಪ. ಬಿಸಿಲು, ಚಳಿ, ಮೇಯುವ ಪ್ರಾಣಿಗಳಿಂದ ಕಾಪಾಡಲು ಮೇಲೊಂದು ಮರ ಬೇಕು. ಪಾಲೊ ವರ್ಡೆಯೋ, ಮೆಸ್ಕೀಟೋ. ಅವನ್ನು ದಾದಿ ಮರ ಅಂತಲೇ ಕರೆಯುತ್ತಾರೆ. ದಾದಿಯ ನೆರಳಲ್ಲಿ ದಶಕಗಳು ಕಳೆದು, ಸವಾರೋ ತಲೆ ಎತ್ತುವ ಹೊತ್ತಿಗೆ ಎಷ್ಟೋ ಸಲ ಆ ಮರ ಸತ್ತೇ ಹೋಗಿರುತ್ತದೆ. ಅಪ್ಪನ ಮನೆಪತ್ರ ನೆನಪಾಗಿದ್ದು ಇದನ್ನು ಓದಿದಾಗ. ಅದನ್ನು ಅಪ್ಪನಿಗೆ ಹೇಳಲಿಲ್ಲ.

ಇಷ್ಟು ತಿಳಿದ ಮೇಲೆ ಫೋಟೊ ತೆಗೆಯುವ ರೀತಿ ಬದಲಾಯಿತು. ಸವಾರೋ ಮೈಮೇಲಿನ ತೂತುಗಳು ಕೊಳೆತ ಗಾಯ ಅಂದುಕೊಂಡು ಅವನ್ನು ಫ್ರೇಮಿನಿಂದ ಹೊರಗಿಡುತ್ತಿದ್ದೆ. ಅವು ಮರಕುಟಿಗ ಕೊರೆದ ಮನೆಗಳು. ಗಿಡ ಒಳಗಿನಿಂದ ಗಟ್ಟಿ ಪೊರೆ ಕಟ್ಟಿ ಗಾಯವನ್ನು ಮುಚ್ಚಿಕೊಳ್ಳುತ್ತದೆ. ಮರಕುಟಿಗ ಬಿಟ್ಟುಹೋದ ಮನೆಗೆ ಎಲ್ಫ್ ಗೂಬೆ ಬರುತ್ತದೆ, ಜಗತ್ತಿನ ಅತಿ ಚಿಕ್ಕ ಗೂಬೆಗಳಲ್ಲಿ ಒಂದು. ಒಂದು ಮುಸ್ಸಂಜೆ 300 ಮಿ.ಮೀ. ಲೆನ್ಸ್‌ನಲ್ಲಿ ಆ ತೂತಿನೊಳಗೆ ಎರಡು ಹಳದಿ ಕಣ್ಣು ಸಿಕ್ಕವು. ಫೋಟೊ ಅಲುಗಾಡಿತ್ತು. ಪರವಾಗಿಲ್ಲ, ನಾನು ನೋಡಿದೆನಲ್ಲ.

ಜೂನ್ ಕೊನೆಗೆ ತುದಿಯಲ್ಲಿ ಕೆಂಪು ಹೂ ಬಿಟ್ಟ ಹಾಗೆ ಕಂಡಿತು. ಹೂವಲ್ಲ, ಹಣ್ಣು ಬಿರಿದದ್ದು. ಹೂವು ಬಿಳಿ, ರಾತ್ರಿ ಅರಳಿ ಮರುದಿನ ಮಧ್ಯಾಹ್ನಕ್ಕೆ ಮುಚ್ಚುತ್ತದೆ, ಬಾವಲಿ, ಪಾರಿವಾಳ, ಜೇನು ಎಲ್ಲವೂ ಅದಕ್ಕೆ ಬರುತ್ತವೆ. ಅದರ ಕಾಲ ಮುಗಿದಿತ್ತು. ಆ ನೆಲದ ಮೂಲ ನಿವಾಸಿಗಳಾದ ತೊಹೊನೊ ಓಧಾಮ್ ಜನ ಸತ್ತ ಸವಾರೋದ ಉದ್ದನೆಯ ಒಣ ಗಳುವನ್ನೇ ದೋಟಿ ಮಾಡಿ ಹಣ್ಣು ಕೆಡವುತ್ತಾರೆ, ಪಾಕ ಕಾಯಿಸುತ್ತಾರೆ, ಅದರಿಂದ ಮದ್ಯ ಮಾಡಿ ಮಳೆಯನ್ನು ಕರೆಯುತ್ತಾರೆ. ಅವರ ಹೊಸ ವರ್ಷ ಶುರುವಾಗುವುದೇ ಆಗ. ಅವರಿಗೆ ಸವಾರೋ ಗಿಡವಲ್ಲ, ಮನುಷ್ಯರೇ. ನಮ್ಮ ಕಡೆ ಮಳೆರಾಯನನ್ನು ಮಾಡಿ ತಲೆ ಮೇಲೆ ಹೊತ್ತು ಮನೆಮನೆಗೆ ಹೋಗುವುದನ್ನು ನೋಡಿದವನಿಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಿರಲಿಲ್ಲ. ಹಣ್ಣು ಕೊಯ್ಯುವವರ ಫೋಟೊವನ್ನು ಕೇಳದೆ ತೆಗೆಯಬಾರದು ಎಂಬುದನ್ನೂ.

ಅದೇ ಜಾಗ, ಇನ್ನೊಂದು ದಿನ

ನಮ್ಮ ಕ್ಯಾಂಪಸ್‌ನಲ್ಲೇ ಸೆಂಟರ್ ಫಾರ್ ಕ್ರಿಯೇಟಿವ್ ಫೋಟೋಗ್ರಫಿ ಎಂಬ ಸಂಗ್ರಹಾಲಯ ಇದೆ. ಎರಡು ವರ್ಷ ಅದರ ಮುಂದೆಯೇ ಓಡಾಡಿದ್ದರೂ ಒಳಗೆ ಹೋಗಿರಲಿಲ್ಲ. ಪ್ರಸಿದ್ಧ ಛಾಯಾಗ್ರಾಹಕ ಆನ್ಸೆಲ್ ಆಡಮ್ಸ್ 1975ರಲ್ಲಿ ಆಗಿನ ವಿ.ವಿ. ಅಧ್ಯಕ್ಷರ ಜೊತೆ ಸೇರಿ ಕಟ್ಟಿದ್ದು ಅದು, ಅವರ ಇಡೀ ಸಂಗ್ರಹ ಅಲ್ಲಿದೆ. ಕೆಲಸವಿಲ್ಲದ ಕಾಲಕ್ಕೆ ಒಂದು ಲಾಭ, ಇಂಥವಕ್ಕೆ ಪುರುಸೊತ್ತು ಸಿಗುತ್ತದೆ. ಮೊದಲೇ ಮೇಲ್ ಬರೆದು ಸಮಯ ತೆಗೆದುಕೊಂಡು ಹೋದೆ. ಕಪ್ಪು ಬಿಳುಪಿನ ಪ್ರಿಂಟ್‌ಗಳನ್ನು ಮೇಜಿನ ಮೇಲೆ ಇಟ್ಟರು. ನೆರಳು ಅಂದರೆ ಕಪ್ಪು ಎಂದುಕೊಂಡಿದ್ದವನಿಗೆ ಅವರ ನೆರಳಿನೊಳಗೂ ಕಲ್ಲು, ಹುಲ್ಲು ಎಲ್ಲವೂ ಕಂಡವು. ಕಡುಕಪ್ಪಿನಿಂದ ಅಚ್ಚಬಿಳಿಯವರೆಗೆ ಬೆಳಕನ್ನು ಮೆಟ್ಟಿಲು ಮೆಟ್ಟಿಲಾಗಿ ಭಾಗ ಮಾಡಿ, ಫೋಟೊ ತೆಗೆಯುವ ಮೊದಲೇ ಯಾವ ಭಾಗ ಯಾವ ಮೆಟ್ಟಿಲಲ್ಲಿ ಬರಬೇಕು ಎಂದು ನಿರ್ಧರಿಸುವ ಅವರ ಝೋನ್ ಸಿಸ್ಟಮ್ ಬಗ್ಗೆ ಓದಿದ್ದೆ. ನೋಡಿದ ಮೇಲೆ ಅರ್ಥವಾಯಿತು. ಸವಾರೋಗಳನ್ನೂ ಅವರು ತೆಗೆದಿದ್ದಾರೆ, 1941ರಲ್ಲಿ ಅಮೆರಿಕದ ಒಳಾಡಳಿತ ಇಲಾಖೆ ರಾಷ್ಟ್ರೀಯ ಉದ್ಯಾನಗಳ ಚಿತ್ರ ತೆಗೆಯಲು ಅವರನ್ನು ನೇಮಿಸಿದಾಗ. ಯುದ್ಧ ಬಂದು ಆ ಯೋಜನೆ ನಿಂತಿತು, ಚಿತ್ರಗಳು ಉಳಿದವು. ಸರ್ಕಾರಕ್ಕಾಗಿ ತೆಗೆದವಾದ್ದರಿಂದ ಅಮೆರಿಕದ ರಾಷ್ಟ್ರೀಯ ಪತ್ರಾಗಾರದಲ್ಲಿ ಯಾರು ಬೇಕಾದರೂ ಪುಕ್ಕಟೆಯಾಗಿ ನೋಡಬಹುದು, ಇಳಿಸಿಕೊಳ್ಳಲೂಬಹುದು. ಫೋಟೊ ಕಲಿಯುವವರು ಖಂಡಿತ ನೋಡಿ.

ಆದರೆ ನನ್ನನ್ನು ಹಿಡಿದು ನಿಲ್ಲಿಸಿದ್ದು ಬೇರೆ ಫೋಟೊಗಳು, ಕಲಾವಿದರು ತೆಗೆದವಲ್ಲ. ಉದ್ಯಾನದ ಪೂರ್ವ ಭಾಗದಲ್ಲಿ ಒಂದೇ ಜಾಗದಲ್ಲಿ ನಿಂತು ಬೇರೆ ಬೇರೆ ದಶಕಗಳಲ್ಲಿ ತೆಗೆದ ಚಿತ್ರಗಳು. 1935ರದ್ದರಲ್ಲಿ ದೈತ್ಯ ಸವಾರೋಗಳ ಕಾಡೇ ಕಾಡು. 1998ರದ್ದರಲ್ಲಿ ಅದೇ ಬೆಟ್ಟದ ಸಾಲು, ಮುಂದೆ ದೊಡ್ಡ ಗಿಡಗಳೇ ಇಲ್ಲ. ಕೊರೆಯುವ ಚಳಿಗೆ ಮುದಿ ಗಿಡಗಳು ಸತ್ತವು. ಅದಕ್ಕೂ ಮುಂಚೆ ಸೌದೆಗೆ ದಾದಿ ಮರಗಳನ್ನು ಕಡಿದಿದ್ದರು, ದನ ಮೇಯಿಸಿದ್ದರು, ಹಾಗಾಗಿ ಹಿಂದೆ ಬರಬೇಕಾಗಿದ್ದ ಎಳೆಯವೂ ಇರಲಿಲ್ಲ. ಮೇಯಿಸುವುದು ನಿಂತ ಮೇಲೆ ಪೊದೆಗಳ ಕೆಳಗೆ ಮತ್ತೆ ಚಿಕ್ಕವು ಹುಟ್ಟಿವೆ, ದೂರದಿಂದ ತೆಗೆದ ಫೋಟೊದಲ್ಲಿ ಅವು ಕಾಣುವುದಿಲ್ಲ ಅಷ್ಟೆ. ಅವು ದೊಡ್ಡವಾಗುವುದನ್ನು ಈಗಿರುವ ಯಾವ ಫೋಟೊಗ್ರಾಫರೂ ನೋಡುವುದಿಲ್ಲ. ಟುಮಮಾಕ್‌ನ ವಿಜ್ಞಾನಿಗಳು ಇದನ್ನೇ ಒಂದು ವಿದ್ಯೆಯಾಗಿ ಬೆಳೆಸಿದ್ದಾರೆ. ಹಳೆಯ ಫೋಟೊ ಹುಡುಕಿ, ಅದನ್ನು ತೆಗೆದ ಜಾಗಕ್ಕೇ ಹೋಗಿ, ಅದೇ ಕೋನದಿಂದ ಮತ್ತೆ ತೆಗೆಯುವುದು. ಹೇಸ್ಟಿಂಗ್ಸ್ ಮತ್ತು ಟರ್ನರ್ 1965ರಲ್ಲಿ ಬರೆದ ‘ದ ಚೇಂಜಿಂಗ್ ಮೈಲ್’ ಪುಸ್ತಕ ಈ ಕೆಲಸಕ್ಕೆ ಹೆಸರುವಾಸಿ.

ಇದನ್ನು ನಾನೂ ಮಾಡಬಹುದಲ್ಲ ಅನ್ನಿಸಿತು. ನನ್ನ ಬಳಿ ದಶಕಗಳಿಲ್ಲ, ದಿನಗಳಿವೆ. ಟುಮಮಾಕ್ ರಸ್ತೆಯ ಎರಡನೇ ತಿರುವಿನಲ್ಲಿ, ಕಬ್ಬಿಣದ ಕಂಬವೊಂದರ ಪಕ್ಕ ಟ್ರೈಪಾಡ್ ಇಟ್ಟೆ. ಎದುರಿಗೆ ಐದು ಕೈಯ ಸವಾರೋ, ಒಂದು ಕೈ ಕೆಳಕ್ಕೆ ಬಾಗಿದೆ. ಹತ್ತು ದಿನಕ್ಕೊಮ್ಮೆ ಬೆಳಿಗ್ಗೆ ಅದೇ ಹೊತ್ತಿಗೆ, ಅದೇ ಎತ್ತರ, 135 ಮಿ.ಮೀ., ಎಫ್/8. ನೋಟ್‌ಬುಕ್‌ನಲ್ಲಿ ದಿನದ ಸಂಖ್ಯೆ: 4, 14, 24, 34.

ಮೊದಲ ನಾಲ್ಕು ಫೋಟೊಗಳಲ್ಲಿ ಏನೂ ಬದಲಾಗಲಿಲ್ಲ. ನನ್ನ ಅರ್ಜಿಗಳ ಸ್ಥಿತಿಯೂ ಅಷ್ಟೇ. ಮಡಿಕೆಗಳು ಒಳಕ್ಕೆ ಜಗ್ಗಿ, ಗಿಡ ಹಸಿದ ಹಸುವಿನ ಪಕ್ಕೆಯಂತೆ ಕಾಣುತ್ತಿತ್ತು. ಆ ಬೇಸಿಗೆಗೆ ಸವಾರೋಗಳೂ ಹೆದರುವ ಕಾಲ ಬಂದಿದೆ. 2023ರಲ್ಲಿ ಪಕ್ಕದ ಫೀನಿಕ್ಸ್ ನಗರದಲ್ಲಿ ಸತತ 31 ದಿನ ಉಷ್ಣಾಂಶ 43 ಡಿಗ್ರಿ ದಾಟಿತ್ತು. ಆಗ ನೂರು ವರ್ಷ ನಿಂತ ಗಿಡಗಳು ಕೈ ಉದುರಿಸಿ, ಕುಸಿದು ಬಿದ್ದವು. ಈ ಗಿಡ ಉಸಿರಾಡಲು ರಂಧ್ರ ತೆರೆಯುವುದು ರಾತ್ರಿ, ರಾತ್ರಿಯೂ ತಂಪಾಗದಿದ್ದರೆ ಸುಧಾರಿಸಿಕೊಳ್ಳಲು ಹೊತ್ತೇ ಸಿಗುವುದಿಲ್ಲ. ಇದರ ಜೊತೆಗೆ ಬಫೆಲ್ ಹುಲ್ಲು. ದನದ ಮೇವಿಗೆಂದು ಆಫ್ರಿಕಾದಿಂದ ತಂದು ಬಿತ್ತಿದ್ದು ಬೆಟ್ಟಕ್ಕೆಲ್ಲ ಹಬ್ಬಿ, ಬೆಂಕಿ ಬಿದ್ದರೆ ಧಗಧಗ ಉರಿಯುತ್ತದೆ. ಬೆಂಕಿಯ ಅಭ್ಯಾಸವೇ ಇಲ್ಲದ ಸವಾರೋ ಅದಕ್ಕೆ ಸಿಕ್ಕಿದರೆ ಉಳಿಯುವುದು ಕಷ್ಟ. ಸ್ವಯಂಸೇವಕರು ವಾರಾಂತ್ಯಕ್ಕೆ ಹಾರೆ ಹಿಡಿದು ಕೀಳುತ್ತಾರೆ, ಎರಡು ಶನಿವಾರ ನಾನೂ ಹೋಗಿದ್ದೆ. ಆ ಹುಲ್ಲು ನಮ್ಮ ದೇಶದ ಒಣಸೀಮೆಯಲ್ಲೂ ಇದೆ, ಅಂಜನ ಹುಲ್ಲು ಅಂತಾರೆ, ಇಲ್ಲಿ ಅದು ಒಳ್ಳೇ ಮೇವು.

38ನೇ ದಿನ ಮಳೆ ಬಂತು. ಅಲ್ಲೂ ಅದಕ್ಕೆ ಮಾನ್ಸೂನ್ ಅಂತಲೇ ಹೆಸರು. ಮಧ್ಯಾಹ್ನದವರೆಗೆ ನೀಲಿ ಆಕಾಶ, ಮೂರಕ್ಕೆ ಬೆಟ್ಟದ ಮೇಲೆ ಹತ್ತಿಯ ಗೋಪುರ, ಐದಕ್ಕೆ ಧೂಳು, ಗಾಳಿ, ಗುಡುಗು. ಒದ್ದೆಯಾದ ಕ್ರಿಯೊಸೋಟ್ ಪೊದೆಯ ವಾಸನೆ ಊರೆಲ್ಲ ಹರಡುತ್ತದೆ. ನಮ್ಮ ಮೊದಲ ಮಳೆಯ ಮಣ್ಣಿನ ವಾಸನೆಗೆ ಔಷಧಿ ಬೆರೆಸಿದ ಹಾಗೆ. ಸಿಡಿಲಿನ ಹಿನ್ನೆಲೆಯಲ್ಲಿ ಸವಾರೋ ತೆಗೆಯಬೇಕೆಂದು ಗೇಟ್ಸ್ ಪಾಸ್ ಎಂಬ ಕಣಿವೆಯ ದಿಣ್ಣೆಯ ಮೇಲೆ ಟ್ರೈಪಾಡ್ ಹಿಡಿದು ನಿಂತಿದ್ದೆ. ಅಲ್ಲಿಗೆ ಬಂದಿದ್ದ ಹಿರಿಯ ಫೋಟೊಗ್ರಾಫರ್ ಒಬ್ಬರು ಬೈದೇ ಬಿಟ್ಟರು. ಮಿಂಚಿಗೂ ಗುಡುಗಿಗೂ ನಡುವೆ ಎಣಿಸು, 30 ಸೆಕೆಂಡಿಗಿಂತ ಕಡಿಮೆ ಇದ್ದರೆ ಕಾರಿನೊಳಗೆ ಓಡು, ನಿನ್ನ ಕೈಯಲ್ಲಿರುವುದು ಮೂರು ಕಾಲಿನ ಲೋಹ ಎಂದರು. ಆಮೇಲೆ ತಾವೇ ಹೇಳಿಕೊಟ್ಟರು: ಮೋಡ ಇನ್ನೂ ದೂರ ಇರುವಾಗಲೇ ತೆಗೆ, ಕತ್ತಲಾಗಲಿ, ಐಎಸ್ಒ 100, ಎಫ್/8, ಶಟರ್ 15 ಸೆಕೆಂಡ್ ತೆರೆದಿಡು, ಒಂದಾದ ಮೇಲೊಂದು ತೆಗೆಯುತ್ತಲೇ ಇರು. ಸಿಡಿಲು ನೋಡಿ ಬಟನ್ ಒತ್ತಿದರೆ ಸಿಗುವುದಿಲ್ಲ, ಅದು ಬರುವಾಗ ಬಾಗಿಲು ತೆರೆದಿರಬೇಕು ಅಷ್ಟೆ. ಎಂಬತ್ತೇಳು ಫ್ರೇಮ್‌ಗಳಲ್ಲಿ ಎರಡರಲ್ಲಿ ಸಿಡಿಲು ಸಿಕ್ಕಿತು.

54ನೇ ದಿನದ ಫೋಟೊ ತೆಗೆದು ಮನೆಗೆ ಬಂದು 34ನೇ ದಿನದ್ದರ ಪಕ್ಕ ಇಟ್ಟೆ. ಮೊದಲು ನಂಬಲಿಲ್ಲ, ಲೆನ್ಸ್ ಅಲುಗಿದೆ ಅಂದುಕೊಂಡೆ. ಹಿಂದಿನ ಬೆಟ್ಟದ ಗೆರೆ ಕೂಡಿಸಿ ನೋಡಿದೆ, ಸರಿಯಾಗಿ ಕೂತಿತು. ಗಿಡ ದಪ್ಪವಾಗಿತ್ತು! ಒಳಕ್ಕೆ ಜಗ್ಗಿದ್ದ ಮಡಿಕೆಗಳೆಲ್ಲ ತುಂಬಿ, ತಿದಿ ಬಿಚ್ಚಿದ ಹಾರ್ಮೋನಿಯಂ ಆಗಿತ್ತು. ಸವಾರೋದ ಬೇರು ನೆಲದಿಂದ ಕೆಲವೇ ಇಂಚು ಕೆಳಗೆ, ಸುಮಾರು ತನ್ನ ಎತ್ತರದಷ್ಟೇ ದೂರ ಸುತ್ತಲೂ ಹರಡಿರುತ್ತದೆ, ಮಳೆ ಬಿದ್ದದ್ದೇ ಹೀರಿಕೊಳ್ಳುತ್ತದೆ. ನೀರು ತುಂಬಿಕೊಂಡ ದೊಡ್ಡ ಗಿಡ ಐದಾರು ಟನ್ ತೂಗುತ್ತದೆ. ಇದೆಲ್ಲ ಪುಸ್ತಕದಲ್ಲಿ ಓದಿದ್ದೇ. ನಾನೇ ತೆಗೆದ ಎರಡು ಫೋಟೊಗಳಲ್ಲಿ ಅದನ್ನು ನೋಡಿದಾಗ ರೂಮಿನಲ್ಲಿ ಒಬ್ಬನೇ ಎದ್ದು ನಿಂತುಬಿಟ್ಟೆ. ಚಿತ್ರದ ಪಿಕ್ಸೆಲ್ ಎಣಿಸಿ ಕಾಂಡದ ಅಗಲ ಎಷ್ಟು ಪಾಲು ಹೆಚ್ಚಿದೆ ಎಂದು ಅಳೆದೆ, ವಿಮಾನ ನಿಲ್ದಾಣದ ಮಳೆ ಮಾಪನದ ಅಂಕಿಗಳ ಜೊತೆ ಗ್ರಾಫ್ ಹಾಕಿದೆ. ಯಾರೂ ಕೇಳಿರಲಿಲ್ಲ. ಎಂ.ಎಸ್. ಪ್ರಾಜೆಕ್ಟ್‌ಗೂ ಇಷ್ಟು ಶ್ರದ್ಧೆಯಿಂದ ಗ್ರಾಫ್ ಹಾಕಿರಲಿಲ್ಲ ಎಂದು ಈಗ ಒಪ್ಪಿಕೊಳ್ಳಬಹುದು.

66ನೇ ದಿನ ಒಂದು ಇಂಟರ್‌ವ್ಯೂ ಬಂತು, ಅಂತರ್ಜಲದ ಕೆಲಸ ಮಾಡುವ ಸಂಸ್ಥೆ. ಎಲ್ಲ ಕಡೆ ಕೇಳುವ ಪ್ರಶ್ನೆಯನ್ನೇ ಕೇಳಿದರು: ಪದವಿ ಮುಗಿಸಿ ಇಷ್ಟು ದಿನ ಏನು ಮಾಡುತ್ತಿದ್ದೀರಿ? ಬೇರೆ ಸಲ ಈ ಪ್ರಶ್ನೆಗೆ ‘ಕೌಶಲ ಹೆಚ್ಚಿಸಿಕೊಳ್ಳುತ್ತಿದ್ದೆ’ ಎಂದು ತಡವರಿಸಿದ್ದೆ. ಈ ಸಲ ಸ್ಕ್ರೀನ್ ಶೇರ್ ಮಾಡಿ ಎರಡು ಫೋಟೊ, ಒಂದು ಗ್ರಾಫ್ ತೋರಿಸಿದೆ. ಅರ್ಧ ಗಂಟೆಯ ಇಂಟರ್‌ವ್ಯೂ ಒಂದು ಗಂಟೆಗೂ ಮೀರಿ ಹೋಯಿತು. ಎರಡನೇ ಸುತ್ತಿಗೂ ಕರೆದರು. 79ನೇ ದಿನ ಫೋನ್ ಮಾಡಿ, ನಿಮ್ಮನ್ನು ತೆಗೆದುಕೊಳ್ಳಲು ಮನಸ್ಸಿದೆ, ಮುಂದೆ ವೀಸಾಗೆ ಪ್ರಾಯೋಜಕರಾಗುವುದು ನಮ್ಮ ಸಂಸ್ಥೆಯಲ್ಲಿ ಇಲ್ಲ, ಅದು ಬೇಡದ ಅಭ್ಯರ್ಥಿ ಸಿಕ್ಕಿದ್ದಾರೆ ಎಂದರು. ನೇರವಾಗಿ ಹೇಳಿದ್ದಕ್ಕೆ ನಾನು ಥ್ಯಾಂಕ್ಸ್ ಹೇಳಿದೆ. ಫೋನ್ ಇಟ್ಟು ಬಹಳ ಹೊತ್ತು ಅಡುಗೆಮನೆಯ ನೆಲದ ಮೇಲೆ ಕೂತಿದ್ದೆ.

84ನೇ ದಿನದ ಫೋಟೊ ತೆಗೆದ ಬೆಳಿಗ್ಗೆಯೇ ಟಿಕೆಟ್ ಮಾಡಿಸಿದೆ. ಜೂಮ್ ಲೆನ್ಸ್ ಮತ್ತು ಟ್ರೈಪಾಡ್ ಮಾರಿದ ದುಡ್ಡು ಅದಕ್ಕೇ ಹೋಯಿತು. ಕೊಂಡುಕೊಂಡವನು ಈಗ ತಾನೇ ಓದಲು ಬಂದಿದ್ದ ದಾವಣಗೆರೆಯ ಹುಡುಗ. ಅವನಿಗೆ ಲೆನ್ಸ್ ಜೊತೆಗೆ ಬಾಚಣಿಗೆಯನ್ನೂ ಕೊಟ್ಟೆ, ಎರಡನೇ ತಿರುವಿನ ಕಬ್ಬಿಣದ ಕಂಬವನ್ನೂ ತೋರಿಸಿ ಬಂದೆ. ಹತ್ತು ದಿನಕ್ಕೊಂದು ಫೋಟೊ ಕಳಿಸುತ್ತೇನೆ ಎಂದಿದ್ದಾನೆ. ಇದುವರೆಗೆ ನಾಲ್ಕು ಬಂದಿವೆ, ಒಂದು ಕೋನ ತಪ್ಪಿದೆ.

ಊರಿಗೆ ಬಂದ ಮೇಲೆ ಚಳ್ಳಕೆರೆಯ ಸ್ಟುಡಿಯೊದಲ್ಲಿ 34 ಮತ್ತು 54ನೇ ದಿನದ ಫೋಟೊಗಳನ್ನು ದೊಡ್ಡದಾಗಿ ಪ್ರಿಂಟ್ ಹಾಕಿಸಿದೆ. ಅಪ್ಪ ಕನ್ನಡಕ ಹಾಕಿಕೊಂಡು ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದರು. ಏನೂ ಹೇಳಿಕೊಡಲಿಲ್ಲ ನಾನು. ‘ಇದು ಮಳೆಗೆ ಮುಂಚೆ, ಇದು ಆಮ್ಯಾಲೆ’ ಎಂದು ಬೆರಳಿಟ್ಟು ತೋರಿಸಿದರು. ಆಮೇಲೆ, ‘ಎಷ್ಟು ಮಳೆಗೆ ಇಷ್ಟು ದಪ್ಪ ಆತಪ್ಪಾ?’ ಎಂದು ಕೇಳಿದರು. ಇಂಟರ್‌ವ್ಯೂನಲ್ಲಿ ಕೇಳಿದ್ದೂ ಇದೇ ಪ್ರಶ್ನೆ.

ಬ್ಯಾಂಕಿನ ಕಂತು ಹಾಗೇ ಇದೆ. ಬರುವ ಸೋಮವಾರ ಬೆಂಗಳೂರಿನಲ್ಲಿ ಅಂತರ್ಜಲ ಸಮೀಕ್ಷೆಯ ಗುತ್ತಿಗೆ ಕೆಲಸಕ್ಕೆ ಸಂದರ್ಶನ. ಸಂಬಳ ಕಡಿಮೆ, ಓಡಾಟ ಜಾಸ್ತಿ ಎಂದು ಮೊದಲೇ ಹೇಳಿದ್ದಾರೆ. ಅಷ್ಟರೊಳಗೆ ನಮ್ಮೂರ ಕೆರೆಯ ತೂಬಿನ ಪಕ್ಕ ಒಂದು ಕಲ್ಲಿಗೆ ಸುಣ್ಣ ಹಚ್ಚಿ ಗುರುತು ಮಾಡಿದ್ದೇನೆ. ಕಿಟ್ ಲೆನ್ಸ್ ಒಂದೇ ಉಳಿದಿರುವುದು, ಕೆರೆಗೆ ಅದು ಸಾಕು. ನೋಟ್‌ಬುಕ್‌ನಲ್ಲಿ ಮೊನ್ನೆ ಮೂರನೇ ಫೋಟೊ ಬರೆದುಕೊಂಡೆ. ನೀರು ಇನ್ನೂ ಬಂದಿಲ್ಲ.